"ಇದೆಯಂತೆ" ಎಂದು ಹೇಳಿದ ಮಾತು: ಇನ್ನೊಬ್ಬರ ಮೇಲಿನ ಸುಳ್ಳಿಗೆ ದೇವರಲ್ಲಿ ಕ್ಷಮೆ ಕೇಳಿದರೆ ಸಾಕೇ?

ಪ್ರಶ್ನೆ: ನಮ್ಮ ಸಭೆಯಲ್ಲಿ ಕಾಣಿಕೆಯ ಲೆಕ್ಕ ನೋಡಿಕೊಳ್ಳುತ್ತಿದ್ದ ಸಹೋದರರೊಬ್ಬರ ಬಗ್ಗೆ ಕಳೆದ ವರ್ಷ ನಾನು ಪ್ರಾರ್ಥನಾ ಗುಂಪಿನಲ್ಲಿ, "ಅವರಿಗೋಸ್ಕರ ಪ್ರಾರ್ಥಿಸಬೇಕು, ಲೆಕ್ಕದಲ್ಲಿ ಏನೋ ವ್ಯತ್ಯಾಸ ಇದೆಯಂತೆ" ಎಂದು ಹೇಳಿದೆ. ಖಚಿತವಾಗಿ ನನಗೆ ಏನೂ ಗೊತ್ತಿರಲಿಲ್ಲ; ಅವರ ಮೇಲೆ ಒಂದಿಷ್ಟು ಅಸಮಾಧಾನವೂ ಇತ್ತು. ಆಮೇಲೆ ಕೇಳಿದವರಿಗೆಲ್ಲ "ಹಣ ತೆಗೆದಿದ್ದಾರೆ" ಎಂದೇ ಹೇಳಿಬಿಟ್ಟೆ. ಲೆಕ್ಕ ಪರಿಶೀಲಿಸಿದಾಗ ಒಂದು ರಸೀದಿಯನ್ನು ಎರಡು ಸಲ ಬರೆದಿದ್ದದ್ದು ಬಿಟ್ಟರೆ ಬೇರಾವ ತಪ್ಪೂ ಸಿಗಲಿಲ್ಲ. ಅಷ್ಟರಲ್ಲಿ ಅವರು ಜವಾಬ್ದಾರಿ ಬಿಟ್ಟು, ಆರಾಧನೆಗೆ ಬರುವುದನ್ನೂ ನಿಲ್ಲಿಸಿದ್ದರು. ನಾನು ದೇವರಲ್ಲಿ ಕಣ್ಣೀರಿಟ್ಟು ಕ್ಷಮೆ ಬೇಡಿಕೊಂಡಿದ್ದೇನೆ. ಇಷ್ಟು ಸಾಲದೇ? ಕೊಲೆ, ಕಳ್ಳತನಗಳ ಪಕ್ಕದಲ್ಲಿ ಇಂಥ ಮಾತನ್ನೂ ಇಡುವುದು ಅತಿಯಾಗುವುದಿಲ್ಲವೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ತಪ್ಪಿನ ತೂಕ ತಿಳಿಯದೆ ಅದಕ್ಕೇನು ಮಾಡಬೇಕೆಂದು ಹೇಳಲು ಬರುವುದಿಲ್ಲ.

ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದ ಹತ್ತು ಆಜ್ಞೆಗಳಲ್ಲಿ ಕೊಲೆ, ವ್ಯಭಿಚಾರ, ಕಳ್ಳತನಗಳ ಬೆನ್ನಿಗೇ ಬರುತ್ತದೆ. (ಕಥೋಲಿಕರು ಮತ್ತು ಲೂಥರನ್ನರು ಇದನ್ನು ಎಂಟನೆಯದೆಂದೂ, ಉಳಿದ ಬಹುಪಾಲು ಪ್ರೊಟೆಸ್ಟಂಟರು ಒಂಬತ್ತನೆಯದೆಂದೂ ಎಣಿಸುತ್ತಾರೆ, ಎಣಿಕೆ ಬೇರೆಯಾದರೂ ಆಜ್ಞೆ ಒಂದೇ.) ಮೂಲದಲ್ಲಿ ಇದು ನ್ಯಾಯಸ್ಥಾನದ ಮಾತು. ಬೆರಳಚ್ಚಾಗಲಿ ಪೊಲೀಸ್ ತನಿಖೆಯಾಗಲಿ ಇಲ್ಲದ ಕಾಲದಲ್ಲಿ, ಊರಬಾಗಿಲಲ್ಲಿ ಕೂತ ಹಿರಿಯರ ಮುಂದೆ ಸಾಕ್ಷಿಯ ಬಾಯಿಂದ ಬಂದದ್ದೇ ಬಹುಮಟ್ಟಿಗೆ ಪುರಾವೆಯಾಗುತ್ತಿತ್ತು. ಒಬ್ಬನ ಹೊಲ, ಮಾನ, ಕೆಲವೊಮ್ಮೆ ತಲೆ ಆ ಬಾಯಿಯ ಮೇಲೆ ನಿಂತಿರುತ್ತಿತ್ತು. ಆದುದರಿಂದಲೇ ಧರ್ಮೋಪದೇಶಕಾಂಡವು ಮರಣದಂಡನೆಗೆ ಒಬ್ಬನ ಸಾಕ್ಷಿ ಸಾಲದು, ಇಬ್ಬರಾದರೂ ಬೇಕು ಎಂದು ವಿಧಿಸಿ, ಸಾಕ್ಷಿ ಹೇಳಿದವರೇ ಮೊದಲ ಕಲ್ಲನ್ನು ಎತ್ತಬೇಕೆಂದು ಸೇರಿಸುತ್ತದೆ. ನಾಲಿಗೆಗೆ ಹಗುರವಾಗಿ ಕಂಡದ್ದು ಕೈಗಾದರೂ ಭಾರವೆನಿಸಲಿ ಎಂಬ ವಿವೇಕ ಇದರಲ್ಲಿದೆ ಎಂದು ನಾನು ಓದಿಕೊಳ್ಳುತ್ತೇನೆ. ಅದೇ ಗ್ರಂಥದ 19ನೆಯ ಅಧ್ಯಾಯ ಇನ್ನೂ ಕಠಿಣ: ಸಾಕ್ಷಿ ಸುಳ್ಳೆಂದು ವಿಚಾರಣೆಯಲ್ಲಿ ಕಂಡುಬಂದರೆ, ಅವನು ಇನ್ನೊಬ್ಬನಿಗೆ ಯಾವ ಶಿಕ್ಷೆಯಾಗಲೆಂದು ಬಯಸಿದ್ದನೋ ಅದು ಅವನಿಗೇ ಆಗಬೇಕು. ಸುಳ್ಳುಸಾಕ್ಷಿಯನ್ನು ಇಲ್ಲಿ ಅಳೆದಿರುವುದು ಮಾತಿನ ಗಾತ್ರದಿಂದಲ್ಲ, ಅದು ಇನ್ನೊಬ್ಬನಿಗೆ ತರಬಹುದಾಗಿದ್ದ ಕೇಡಿನಿಂದ.

"ನಾನು ನ್ಯಾಯಸ್ಥಾನದಲ್ಲಿ ನಿಂತು ಹೇಳಿದ್ದಲ್ಲವಲ್ಲ, ಗೊತ್ತಿದ್ದೂ ಸುಳ್ಳು ಕಟ್ಟಿದ್ದೂ ಅಲ್ಲವಲ್ಲ" ಎಂದು ನಿಮಗೆ ಅನ್ನಿಸಬಹುದು. ಹೀಬ್ರೂ ಮೂಲದ ಒಂದು ಸಣ್ಣ ವ್ಯತ್ಯಾಸ ಇಲ್ಲಿ ನಮಗೆ ಉಪಯೋಗಕ್ಕೆ ಬರುತ್ತದೆ. ವಿಮೋಚನಕಾಂಡದಲ್ಲಿ ಈ ಆಜ್ಞೆಗೆ ಬಳಸಿರುವ ಪದ 'ಶೆಕೆರ್', ಅಂದರೆ ಸುಳ್ಳು, ಮೋಸ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಅದೇ ಆಜ್ಞೆ ಮತ್ತೆ ಬಂದಾಗ ಪದ 'ಶಾವ್' ಆಗುತ್ತದೆ, ಅಂದರೆ ಟೊಳ್ಳು, ಹುರುಳಿಲ್ಲದ್ದು. ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದೆಂಬ ಆಜ್ಞೆಯಲ್ಲಿರುವುದೂ ಇದೇ 'ಶಾವ್'. ದೇವರ ಹೆಸರನ್ನು ಹುರುಳಿಲ್ಲದೆ ಬಾಯಿಗೆ ತಂದುಕೊಳ್ಳುವುದು ಹೇಗೆ ತಪ್ಪೋ, ನೆರೆಯವನ ಹೆಸರಿನ ಮೇಲೆ ಹುರುಳಿಲ್ಲದ ಮಾತನ್ನು ಹೇರುವುದೂ ಹಾಗೆಯೇ ತಪ್ಪು. ಆದಕಾರಣ ಗೊತ್ತಿದ್ದೂ ಕಟ್ಟಿದ ಸುಳ್ಳು ಮಾತ್ರವಲ್ಲ, ಗೊತ್ತಿಲ್ಲದ್ದನ್ನು ಗೊತ್ತಿರುವವರಂತೆ ಹೇಳುವುದೂ ಈ ಆಜ್ಞೆಯ ಒಳಗೇ ಬರುತ್ತದೆ.

ನಮ್ಮ ಭಾಷೆಯಲ್ಲಂತೂ ಈ ಟೊಳ್ಳಿಗೆ ಒಂದು ಪ್ರತ್ಯಯವೇ ಇದೆ. "ಇದೆ" ಎಂದರೆ ಹೊಣೆ ನನ್ನದು; "ಇದೆಯಂತೆ" ಎಂದರೆ ಹೊಣೆ ಯಾರದೂ ಅಲ್ಲ. ಅದನ್ನು ಪ್ರಾಮಾಣಿಕವಾಗಿ ಬಳಸಿದರೆ "ಇದು ನಾನು ಕಂಡದ್ದಲ್ಲ" ಎಂಬ ಎಚ್ಚರಿಕೆಯಾಗುತ್ತದೆ. ಆದರೆ ಒಬ್ಬರ ಮಾನದ ವಿಷಯದಲ್ಲಿ ಅದು ಹೇಳುವವರು ಅಡಗುವ ಮರೆಯಾಗಿಬಿಡುತ್ತದೆ. ನಿಮ್ಮ ಪತ್ರದಲ್ಲೇ ನೋಡಿ: ಪ್ರಾರ್ಥನಾ ಗುಂಪಿನಲ್ಲಿ "ವ್ಯತ್ಯಾಸ ಇದೆಯಂತೆ" ಎಂದಿದ್ದದ್ದು ಆಮೇಲೆ "ಹಣ ತೆಗೆದಿದ್ದಾರೆ" ಆಯಿತು. ಈ ಎರಡು ಮಾತುಗಳ ನಡುವೆ ನಿಮಗೆ ಹೊಸದಾಗಿ ಯಾವ ಸಂಗತಿಯೂ ಸಿಕ್ಕಿರಲಿಲ್ಲ. ಹೇಳಿ ಹೇಳಿ ನಿಮಗೇ ನಂಬಿಕೆ ಬಂದಿತ್ತು, ಅಷ್ಟೆ. ಅಂತೆಕಂತೆ ಹೀಗೆಯೇ ಬೆಳೆಯುತ್ತದೆ.

ಪ್ರಾರ್ಥನೆಯ ವಿಷಯವನ್ನೂ ನಾನು ಹಾಗೆಯೇ ದಾಟಿ ಹೋಗಲಾರೆ. "ಅವರಿಗೋಸ್ಕರ ಪ್ರಾರ್ಥಿಸಿ" ಎಂಬ ಪೀಠಿಕೆ ಹಾಕಿದ ಮಾತನ್ನು ಯಾರೂ ತಡೆಯುವುದಿಲ್ಲ. ತಡೆದವರೇ ಭಕ್ತಿಯಿಲ್ಲದವರಂತೆ ಕಾಣುತ್ತಾರೆ. 1 ಅರಸುಗಳು 21ನೆಯ ಅಧ್ಯಾಯದಲ್ಲಿ ನಾಬೋತನ ದ್ರಾಕ್ಷೆತೋಟ ಇಸ್ರಾಯೇಲಿನ ಅರಸ ಅಹಾಬನಿಗೆ ಬೇಕಾದಾಗ ಅವನ ರಾಣಿ ಈಜೆಬೆಲಳು ಮಾಡಿದ್ದನ್ನು ನಿಧಾನವಾಗಿ ಓದಿ ನೋಡಿ. ಅರಸನ ಹೆಸರಿನಲ್ಲಿ ಬರೆದು, ಅವನ ಮುದ್ರೆಯೊತ್ತಿ ಕಳಿಸಿದ ಆ ಪತ್ರದಲ್ಲಿ ಮೊದಲು ಬರುವುದು ಸುಳ್ಳುಸಾಕ್ಷಿಯ ಮಾತಲ್ಲ, "ಉಪವಾಸವನ್ನು ಪ್ರಕಟಿಸಿರಿ" ಎಂಬ ಆದೇಶ. ಆಮೇಲೆ ನಾಬೋತನನ್ನು ಜನರ ಮುಂದೆ ಕೂರಿಸಬೇಕು, ಎದುರಿಗೆ ಇಬ್ಬರು ನೀಚರು ಕೂತು, ಇವನು ದೇವರನ್ನೂ ಅರಸನನ್ನೂ ಶಪಿಸಿದನೆಂದು ಹೇಳಬೇಕು. ಇಬ್ಬರು ಸಾಕ್ಷಿಗಳು ಬೇಕೆಂಬ ನಿಯಮವನ್ನೂ ಅವಳು ಮರೆಯಲಿಲ್ಲ. ಊರ ಹಿರಿಯರು ಪತ್ರದಲ್ಲಿದ್ದಂತೆಯೇ ನಡೆದುಕೊಂಡರು, ನಾಬೋತನನ್ನು ಕಲ್ಲೆಸೆದು ಕೊಂದರು; ಅವರಲ್ಲಿ ಒಬ್ಬನಾದರೂ ಪ್ರಶ್ನೆ ಕೇಳಿದ್ದನ್ನು ಆ ಅಧ್ಯಾಯ ದಾಖಲಿಸುವುದಿಲ್ಲ. ಕೊನೆಗೆ ಪ್ರವಾದಿ ಎಲೀಯನು ಅಹಾಬನ ಮುಂದೆ ನಿಂತು ಬಳಸಿದ ಮಾತು "ಕೊಂದು ಸ್ವಾಧೀನಮಾಡಿಕೊಂಡೆಯೋ" ಎಂಬುದು. ಅಹಾಬ ಕಲ್ಲೆತ್ತಿರಲಿಲ್ಲ, ಈಜೆಬೆಲಳೂ ಎತ್ತಿರಲಿಲ್ಲ; ಆದರೂ ಪ್ರವಾದಿ ಆ ಇಡೀ ವ್ಯವಹಾರಕ್ಕೆ ಇಟ್ಟ ಹೆಸರು ಕೊಲೆ. ಕೊಲೆಯ ಪಕ್ಕದಲ್ಲಿ ಈ ಪಾಪವನ್ನು ಇಡುವುದು ಅತಿಯೇ ಎಂಬ ನಿಮ್ಮ ಪ್ರಶ್ನೆಗೆ ಈ ಅಧ್ಯಾಯಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಹಾಗೆಂದು ನಿಮ್ಮನ್ನು ಈಜೆಬೆಲಳಿಗೆ ಹೋಲಿಸುತ್ತಿಲ್ಲ. ಅವಳದು ಲೆಕ್ಕ ಹಾಕಿದ ಸಂಚು, ನಿಮ್ಮದು ಅಸಮಾಧಾನಕ್ಕೆ ಸಿಕ್ಕಿದ ಅವಕಾಶ. ಕೇಡು ಬೆಳೆಯುವ ದಾರಿ ಮಾತ್ರ ಎರಡರಲ್ಲೂ ಒಂದೇ.

ಇನ್ನೊಬ್ಬರ ಮೇಲಿನ ಸುಳ್ಳಿನಲ್ಲಿ ಸಾಮಾನ್ಯವಾಗಿ ಒಂದು ನಿಜವಾದ ವಸ್ತು ಇದ್ದೇ ಇರುತ್ತದೆ. ಅದು ಜನ ನಂಬುವುದಕ್ಕೆ ಬೇಕಾಗುತ್ತದೆ. ಒಡೆಯನ ಹೆಂಡತಿ ತನ್ನನ್ನು ಕೆಡಿಸಲು ಬಂದನೆಂದು ಸುಳ್ಳು ದೂರು ಹೊರಿಸಿದ ಯೋಸೇಫನ ಕಥೆಯಲ್ಲಿ ಅದು ಅವನ ಬಟ್ಟೆ. ಪೋಟೀಫರನ ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಅವನದೇ, ಅವನು ಅದನ್ನು ಬಿಟ್ಟು ಓಡಿಹೋದದ್ದೂ ನಿಜವೇ. ಏಕೆ ಓಡಿದನೆಂಬುದೊಂದೇ ಸುಳ್ಳು. ಆ ಬಟ್ಟೆಯನ್ನು ಅವಳು ಗಂಡ ಬರುವ ತನಕ ತನ್ನ ಹತ್ತಿರವೇ ಇಟ್ಟುಕೊಂಡಳೆಂದು ಆದಿಕಾಂಡ 39 ಹೇಳುತ್ತದೆ. ನಿಮ್ಮ ಸಂಗತಿಯಲ್ಲಿ ಆ ಬಟ್ಟೆಯ ಜಾಗದಲ್ಲಿರುವುದು ಎರಡು ಸಲ ಬರೆದ ರಸೀದಿ. ಯೇಸುವಿನ ವಿಚಾರಣೆಯಲ್ಲೂ ಹೀಗೆಯೇ ಆಯಿತು. ಯೋಹಾನನ ಸುವಾರ್ತೆಯ ಪ್ರಕಾರ ಆತನು ಹೇಳಿದ್ದು, "ಈ ದೇವಾಲಯವನ್ನು ಕೆಡವಿರಿ, ಮೂರು ದಿನಗಳಲ್ಲಿ ಎಬ್ಬಿಸುವೆನು" ಎಂದು. ಮಾರ್ಕನ 14ನೆಯ ಅಧ್ಯಾಯದ ಸಾಕ್ಷಿಗಳು ಹೇಳಿದ್ದು, "ನಾನು ಈ ದೇವಾಲಯವನ್ನು ಕೆಡವುವೆನು ಎಂದು ಇವನು ಹೇಳಿದ್ದನ್ನು ಕೇಳಿದೆವು" ಎಂದು. ದೇವಾಲಯ, ಮೂರು ದಿನ ಎರಡೂ ಹಾಗೆಯೇ ಉಳಿದವು. ಮುಖ್ಯವಾಗಿ ಬದಲಾದದ್ದು ಕೆಡವುವವರು ಯಾರೆಂಬುದು. ಆ ಸಾಕ್ಷಿಗಳ ಮಾತು ಒಂದಕ್ಕೊಂದು ಕೂಡಿಬರಲಿಲ್ಲವೆಂದು ಮಾರ್ಕನು ಹೇಳಿದರೂ, ಅದೇ ಮಾತು ಶಿಲುಬೆಯ ಕೆಳಗೆ ಹಾದುಹೋಗುತ್ತಿದ್ದವರ ಬಾಯಲ್ಲಿ ಅಣಕವಾಗಿ ಮತ್ತೆ ಕೇಳಿಬರುತ್ತದೆ. ವಿಚಾರಣೆಯಲ್ಲಿ ನಿಲ್ಲದ ಮಾತು ಬೀದಿಯಲ್ಲಿ ನಿಂತಿತು. ಕ್ರೈಸ್ತರು ಆರಾಧಿಸುವಾತನೇ ಸುಳ್ಳುಸಾಕ್ಷಿಗೆ ಗುರಿಯಾದವನು ಎಂಬುದನ್ನು ನೆನಪಿಟ್ಟುಕೊಂಡರೆ, ಈ ಪಾಪದ ಬಗ್ಗೆ ಸಭೆಗೆ ಇರಬೇಕಾದ ಎಚ್ಚರ ಎಷ್ಟೆಂದು ತಾನಾಗಿ ತಿಳಿಯುತ್ತದೆ.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಸೈತಾನನಿಗೆ ಇರುವ ಹೆಸರುಗಳಲ್ಲಿ ಒಂದು 'ದಿಯಾಬೊಲೋಸ್'. ಅದರ ಅರ್ಥ ದೂಷಕ, ಚಾಡಿಕೋರ. 1 ತಿಮೊಥೆಯ 3:11ರಲ್ಲಿಯೂ ತೀತ 2:3ರಲ್ಲಿಯೂ ಪೌಲನ ಪತ್ರಿಕೆಗಳು ಸಭೆಯ ಸ್ತ್ರೀಯರು ಚಾಡಿ ಹೇಳುವವರಾಗಿರಬಾರದೆಂದು ಬರೆಯುವಾಗ ಬಳಸುವುದು ಇದೇ ಪದದ ಬಹುವಚನವನ್ನು. 2 ತಿಮೊಥೆಯ 3ರಲ್ಲಿ ಕಡೇ ದಿವಸಗಳ ಮನುಷ್ಯರನ್ನು ಕುರಿತು ಬರೆಯುವಾಗಲೂ ಅದೇ ಪದ. (ಇದು ಹೆಂಗಸರ ದೋಷವೆಂದು ಬೋಧಿಸುವವರು ಆ ಮೂರನೆಯ ವಾಕ್ಯವನ್ನು ಓದುವುದೇ ಇಲ್ಲವೆಂದು ತೋರುತ್ತದೆ.) ಪ್ರಕಟನೆ 12ರಲ್ಲಿ ಸೈತಾನನು ಸಹೋದರರ ಮೇಲೆ ಹಗಲಿರುಳು ದೂರು ಹೇಳುವವನು. ಇನ್ನೊಬ್ಬರ ಮೇಲೆ ಸುಳ್ಳು ಹೊರಿಸುವವರು ಯಾರ ಕೆಲಸವನ್ನು ಮಾಡುತ್ತಿದ್ದಾರೆಂಬುದು ಪದದಲ್ಲಿಯೇ ಅಡಗಿದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಉಪದೇಶವೂ ಈ ಆಜ್ಞೆಯನ್ನು ವಿವರಿಸುವಾಗ ಸುಳ್ಳು ಮತ್ತು ವಂಚನೆಗಳನ್ನು ಸೈತಾನನ ಸ್ವಂತ ಕೃತ್ಯಗಳೆಂದೇ ಕರೆದು, ಯಾರನ್ನೂ ಅವರ ಮಾತು ಕೇಳದೆ ಖಂಡಿಸಬಾರದು, ಖಂಡಿಸುವವರ ಜೊತೆಗೂ ಸೇರಬಾರದು ಎಂದು ಹೇಳುತ್ತದೆ.

ಈ "ಜೊತೆ ಸೇರುವ" ಮಾತು ಮುಖ್ಯ, ಏಕೆಂದರೆ ಕೇಳುವ ಕಿವಿಯಿಲ್ಲದೆ ಚಾಡಿ ಬದುಕುವುದಿಲ್ಲ. ಚಾಡಿಕೋರನ ಮಾತುಗಳು ರುಚಿಯಾದ ತುತ್ತುಗಳಂತೆ ಹೊಟ್ಟೆಯ ಒಳಕ್ಕೇ ಇಳಿಯುತ್ತವೆಂದು ಜ್ಞಾನೋಕ್ತಿಗಳು 18:8 ಹೇಳುತ್ತದೆ. ತಿಂದದ್ದು ಮೈಗೆ ಹತ್ತುತ್ತದಲ್ಲ, ಹಾಗೆಯೇ. ಸುದ್ದಿ ಸುಳ್ಳೆಂದು ಆಮೇಲೆ ತಿಳಿದರೂ ಆ ಮನುಷ್ಯನನ್ನು ಕಂಡಾಗ ಮನಸ್ಸು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಸಂತ ಅಗಸ್ಟೀನರು ಹಿಪ್ಪೋ ಪಟ್ಟಣದಲ್ಲಿ ಬಿಷಪರಾಗಿದ್ದಾಗ, ಎದುರಿಗಿಲ್ಲದವರ ಬದುಕನ್ನು ಮಾತಿನಿಂದ ಕಚ್ಚುವವರಿಗೆ ಈ ಮೇಜಿನಲ್ಲಿ ಜಾಗವಿಲ್ಲ ಎಂಬ ಅರ್ಥದ ಪದ್ಯವನ್ನು ತಮ್ಮ ಊಟದ ಮೇಜಿನ ಮೇಲೆ ಬರೆಸಿದ್ದರು. ಅವರ ಒಡನಾಡಿಯಾಗಿದ್ದು ಅವರ ಜೀವನಚರಿತ್ರೆ ಬರೆದ ಪೊಸಿದಿಯಸ್ ಹೇಳುವಂತೆ, ಒಮ್ಮೆ ಆಪ್ತರಾದ ಜೊತೆ ಬಿಷಪರೇ ಈ ನಿಯಮ ಮರೆತು ಮಾತಾಡತೊಡಗಿದಾಗ ಅಗಸ್ಟೀನರು ಸಿಟ್ಟಾಗಿ, ಒಂದೋ ಆ ಪದ್ಯವನ್ನು ಅಳಿಸಬೇಕು, ಇಲ್ಲವೇ ತಾವು ಊಟದ ಮಧ್ಯೆಯೇ ಎದ್ದು ಕೋಣೆಗೆ ಹೋಗಬೇಕು ಎಂದರಂತೆ. ಆ ಪದ್ಯ ಹೇಳುವವರಿಗೆ ಬರೆದದ್ದು; ಆದರೆ ಆ ದಿನ ಅದನ್ನು ಕಾಪಾಡಿದವರು ಕೇಳುತ್ತ ಕೂತಿದ್ದವರು.

ಅರಸ ದಾವೀದನಂಥವನೂ ಈ ಪರೀಕ್ಷೆಯಲ್ಲಿ ಎಡವಿದ. ಮಗ ಅಬ್ಷಾಲೋಮನ ದಂಗೆಗೆ ಹೆದರಿ ಊರು ಬಿಟ್ಟು ಓಡುತ್ತಿದ್ದಾಗ, ಹಿಂದಿನ ಅರಸ ಸೌಲನ ಮೊಮ್ಮಗನೂ ಯೋನಾತಾನನ ಮಗನೂ ಆದ ಮೆಫೀಬೋಶೆತನ ಸೇವಕನಾದ ಚೀಬನು ಕತ್ತೆಗಳ ಮೇಲೆ ಇನ್ನೂರು ರೊಟ್ಟಿ, ದ್ರಾಕ್ಷಿ, ಹಣ್ಣು, ದ್ರಾಕ್ಷಾರಸ ಹೇರಿಕೊಂಡು ಎದುರು ಬಂದು, "ನನ್ನ ಯಜಮಾನ ಅರಸುತನದ ಆಸೆಯಿಂದ ಯೆರೂಸಲೇಮಿನಲ್ಲೇ ಉಳಿದಿದ್ದಾನೆ" ಎಂದ. ದಣಿದ ದಾವೀದ ಒಂದು ಪ್ರಶ್ನೆಯನ್ನೂ ಮುಂದಕ್ಕೆ ಕೇಳದೆ, ಮೆಫೀಬೋಶೆತನ ಆಸ್ತಿಯೆಲ್ಲ ನಿನ್ನದೇ ಎಂದುಬಿಟ್ಟ. ದಂಗೆ ಅಡಗಿ ಅರಸ ಹಿಂದಿರುಗಿದಾಗ ಮೆಫೀಬೋಶೆತ ಎದುರು ಬಂದ; ಅರಸ ಹೊರಟ ದಿನದಿಂದ ಅವನು ಕಾಲಿನ ಆರೈಕೆ ಮಾಡಿಕೊಂಡಿರಲಿಲ್ಲ, ಗಡ್ಡ ಕತ್ತರಿಸಿರಲಿಲ್ಲ, ಬಟ್ಟೆ ಒಗೆಸಿರಲಿಲ್ಲ. ಇದು ಮೆಫೀಬೋಶೆತನ ಬಾಯಿಮಾತಲ್ಲ, 2 ಸಮುವೇಲ 19ರಲ್ಲಿ ಕಥೆ ಹೇಳುವವನೇ ಹೇಳುವ ಸಂಗತಿ. ಎರಡೂ ಕಾಲು ಕುಂಟಾಗಿದ್ದ ತಾನು ಕತ್ತೆ ಏರಿ ಹೊರಡಬೇಕೆಂದಿದ್ದಾಗ ಸೇವಕ ಮೋಸಮಾಡಿದನೆಂದು ಅವನು ಹೇಳಿದರೂ, ದಾವೀದ ಮಾಡಿದ್ದು ಹೊಲವನ್ನು ಇಬ್ಬರಿಗೂ ಪಾಲು ಹಾಕಿದ್ದು. ಒಂದು ಸುಳ್ಳಿನಿಂದ ಪೂರ್ತಿ ಹೋದದ್ದು, ಸತ್ಯ ಹೊರಬಂದಮೇಲೆ ಅರ್ಧ ಮಾತ್ರ ಹಿಂತಿರುಗಿತು. ನಿಮ್ಮ ಸಭೆಯಲ್ಲಿಯೂ ಲೆಕ್ಕ ಸರಿಯೆಂದು ತಿಳಿದ ಮೇಲೆ ಕೆಲವರಾದರೂ "ಏನೋ ಇದ್ದಿರಬೇಕು" ಎಂದು ತಲೆಯಾಡಿಸಿರುತ್ತಾರೆ. ಅದು ದಾವೀದನ ಅರ್ಧ ಪಾಲು.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಿಮ್ಮ ಕ್ಷಮಾಯಾಚನೆಯನ್ನು ದೇವರು ಕೇಳಿದ್ದಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಸಹೋದರರ ಹೆಸರು ಕೆಟ್ಟದ್ದು ದೇವರ ಮುಂದೆ ಅಲ್ಲ. ದೇವರಿಗೆ ಅವರು ನಿರ್ದೋಷಿಯೆಂದು ಮೊದಲೇ ಗೊತ್ತಿತ್ತು. ಅದು ಕೆಟ್ಟದ್ದು ಮನುಷ್ಯರ ನಡುವೆ, ಮತ್ತು ನೀವು ಏಕಾಂತದಲ್ಲಿ ಸುರಿಸಿದ ಕಣ್ಣೀರು ಆ ಮನುಷ್ಯರಲ್ಲಿ ಒಬ್ಬರಿಗೂ ಕಾಣಲಿಲ್ಲ. ಕ್ರೈಸ್ತ ನೀತಿಬೋಧೆ ಈ ವಿಷಯದಲ್ಲಿ ಪಂಗಡಭೇದವಿಲ್ಲದೆ ಸ್ಪಷ್ಟವಾಗಿದೆ. 13ನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರು ಒಳ್ಳೆಯ ಹೆಸರು ಸಂಪತ್ತಿಗಿಂತ ಮೇಲಾದದ್ದೆಂಬ ಜ್ಞಾನೋಕ್ತಿಯನ್ನು ಹಿಡಿದು, ಚಾಡಿಯನ್ನು ಕಳ್ಳತನಕ್ಕಿಂತ ದೊಡ್ಡ, ಕೊಲೆಗಿಂತ ಚಿಕ್ಕ ಪಾಪವೆಂದು ತೂಗಿದರು. ಕದ್ದದ್ದನ್ನು ಹಿಂದಿರುಗಿಸುವಂತೆ ಕೆಡಿಸಿದ ಹೆಸರನ್ನೂ ಹಿಂದಿರುಗಿಸಬೇಕೆಂದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವೂ, ತಪ್ಪಿಗೆ ಕ್ಷಮೆ ಸಿಕ್ಕಿದ್ದರೂ ಈ ಪರಿಹಾರದ ಹೊಣೆ ಉಳಿಯುತ್ತದೆ ಎಂದು ಹೇಳುತ್ತದೆ. ಲೂಥರ್ 1529ರ ಚಿಕ್ಕ ಪ್ರಶ್ನೋತ್ತರದಲ್ಲಿ ಸುಳ್ಳು ಹೇಳದಿರುವುದರಲ್ಲೇ ನಿಲ್ಲದೆ, ನೆರೆಯವನ ಪರವಾಗಿ ಮಾತಾಡಬೇಕು, ಅವನ ಎಲ್ಲ ನಡತೆಗೂ ಆದಷ್ಟು ಒಳ್ಳೆಯ ಅರ್ಥವನ್ನೇ ಕೊಡಬೇಕು ಎಂದು ಕಲಿಸಿದರು. ಸುಂಕದ ಅಧಿಕಾರಿ ಜಕ್ಕಾಯನಂತೂ ತಾನು ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆಂದ. ಲೂಕ 19:8ರಲ್ಲಿ ಆ ಕಿತ್ತುಕೊಳ್ಳುವಿಕೆಗೆ ಬಳಸಿರುವ ಗ್ರೀಕ್ ಕ್ರಿಯಾಪದವು ಸುಳ್ಳು ದೂರು ಹೊರಿಸುವವನೆಂಬ ಪದದಿಂದ ಹುಟ್ಟಿದ್ದು.

ದಿಂಬಿನ ಗರಿಗಳನ್ನು ಗಾಳಿಗೆ ತೂರಿ, ಮತ್ತೆ ಆರಿಸಿ ತರಲಾಗದೆ ಚಾಡಿಯ ಪಾಪವನ್ನು ಅರಿತುಕೊಂಡವರ ಕಥೆಯನ್ನು ನೀವು ಕೇಳಿರಬಹುದು. ಪ್ರಸಂಗಗಳಲ್ಲಿ ಅದಕ್ಕೆ ಬಹಳ ಬೇಡಿಕೆ. ನನಗೆ ಆ ಕಥೆಯ ಮೇಲೆ ಅಷ್ಟು ಒಲವಿಲ್ಲ, ಏಕೆಂದರೆ ಒಂದು ಗರಿಯನ್ನಾದರೂ ಹುಡುಕಿಕೊಂಡು ಹೋಗುವ ಕಷ್ಟವನ್ನು ಅದು ತಪ್ಪಿಸಿಬಿಡುತ್ತದೆ. ನಿಮ್ಮಂಥದೇ ತೊಂದರೆಯಲ್ಲಿದ್ದ ಒಬ್ಬರನ್ನು ಕೂರಿಸಿ, ಯಾರ್ಯಾರಿಗೆ ಹೇಳಿದ್ದಿರೋ ಅವರ ಹೆಸರುಗಳನ್ನು ಬರೆಯಿರಿ ಎಂದು ನಾನೊಮ್ಮೆ ಕಾಗದ ಕೊಟ್ಟಿದ್ದೆ. ನಾಲ್ಕೈದು ಜನ ಇರಬಹುದು ಎಂದು ಶುರುಮಾಡಿದವರು ಹದಿಮೂರಕ್ಕೆ ನಿಂತರು. ಹದಿಮೂರು ದೊಡ್ಡ ಸಂಖ್ಯೆಯೇ. ಆದರೆ ಎಣಿಸಲಾಗದ ಸಂಖ್ಯೆಯಲ್ಲ.

ನೀವೂ ಹಾಗೆ ಬರೆದುಕೊಳ್ಳಿ. ಪ್ರಾರ್ಥನಾ ಗುಂಪಿನಲ್ಲಿ ಹೇಳಿದ್ದನ್ನು ಪ್ರಾರ್ಥನಾ ಗುಂಪಿನಲ್ಲೇ, ಎಲ್ಲರೂ ಕೂಡಿರುವಾಗ ಹಿಂತೆಗೆದುಕೊಳ್ಳಬೇಕು. ಒಬ್ಬೊಬ್ಬರಿಗೆ ಹೇಳಿದ್ದನ್ನು ಒಬ್ಬೊಬ್ಬರ ಹತ್ತಿರ. "ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ" ಎಂಬ ಮಾತು ಬೇಡ, ಅದು ನೋವನ್ನು ಕೇಳಿದವರ ಹೆಗಲಿಗೆ ದಾಟಿಸುತ್ತದೆ. "ತಪ್ಪು ತಿಳಿವಳಿಕೆ ಆಯಿತು" ಎಂಬುದೂ ಬೇಡ. ನಿಮ್ಮ ಸಂಗತಿಯಲ್ಲಿ ಅದು ಪೂರ್ತಿ ನಿಜವೂ ಅಲ್ಲ. "ಅವರು ಹಣ ತೆಗೆದಿದ್ದಾರೆಂದು ನಾನು ಹೇಳಿದೆ. ನನಗೆ ಅದು ಗೊತ್ತಿರಲಿಲ್ಲ. ಅದು ಸುಳ್ಳು" ಎಂದರೆ ಸಾಕು. ಈ ಮೂರು ವಾಕ್ಯಗಳನ್ನು ಹೇಳುವಾಗ ನಿಮ್ಮ ಒಳ್ಳೆಯ ಹೆಸರೂ ಸ್ವಲ್ಪ ಹೋಗುತ್ತದೆ. ಅವರದು ಹಿಂತಿರುಗುವ ದಾರಿ ಅದೇ. ಹೇಳುವ ಮೊದಲು ಅವರನ್ನು ಬಹಳವಾಗಿ ಹೊಗಳಿ ಪೀಠಿಕೆ ಹಾಕುವುದೂ ಬೇಡ. ಹೊಗಳಿಕೆಯಿಂದ ಶುರುವಾಗುವ ಚಾಡಿಯನ್ನು ಕಥೋಲಿಕ ಸಂತ ಫ್ರಾನ್ಸಿಸ್ ಡಿ ಸೇಲ್ಸರು, ಬಾಣವನ್ನು ದೂರಕ್ಕೆ ಎಸೆಯಲೆಂದೇ ತನ್ನತ್ತ ಎಳೆದುಕೊಳ್ಳುವ ಬಿಲ್ಲುಗಾರನಿಗೆ ಹೋಲಿಸಿದ್ದಾರೆ. ಕೇಳುವವರ ಕಿವಿಗೆ ಆ ಧಾಟಿ ಚೆನ್ನಾಗಿ ಪರಿಚಯವಿರುತ್ತದೆ, ನೀವು ಹಿಂತೆಗೆದುಕೊಳ್ಳುತ್ತಿದ್ದೀರೋ ಮತ್ತೆ ಶುರುಮಾಡುತ್ತಿದ್ದೀರೋ ಎಂದು ಗೊಂದಲವಾದೀತು.

ಒಂದು ವೇಳೆ ಲೆಕ್ಕದಲ್ಲಿ ನಿಜವಾಗಿಯೂ ಹಣ ಕಡಿಮೆಯಿದ್ದಿದ್ದರೆ? ಆಗಲೂ ಮತ್ತಾಯ 18:15-17ರ ಕ್ರಮ ಮೊದಲು ಅವರೊಬ್ಬರ ಹತ್ತಿರವೇ ಹೋಗುವುದು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು, ಕೊನೆಗೆ ಸಭೆಗೆ ತಿಳಿಸುವುದು. ಹಣದ ಅನ್ಯಾಯವನ್ನು ಮುಚ್ಚಿಡಬೇಕೆಂದು ಯಾರೂ ಹೇಳುವುದಿಲ್ಲ. ಲೆಕ್ಕ ಕೇಳುವ ಅಧಿಕಾರವಿರುವವರ ಮುಂದೆ, ಕಾಗದ ಇಟ್ಟುಕೊಂಡು ಹೇಳುವುದು ಬೇರೆ, ಪ್ರಾರ್ಥನಾ ಗುಂಪಿನಲ್ಲಿ ಹೇಳುವುದು ಬೇರೆ.

ಉಳಿದದ್ದು ಆ ಸಹೋದರರ ಮನೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಮತ್ತಾಯ 5ರಲ್ಲಿ ಯೇಸು ಹೇಳುವುದು, ನಮ್ಮ ಮೇಲೆ ಬೇಸರವಿರುವ ಸಹೋದರನನ್ನು ಕುರಿತೇ ಆದ್ದರಿಂದ, ಅವರು ಬರಲಿ ಎಂದು ಕಾಯುವುದು ನಿಮ್ಮ ಪಾಲಿಗಿಲ್ಲ. ಗುಂಪಿನ ಮುಂದೆ ಹೇಳಿ ಮುಗಿಸಿದ ಮೇಲೆ ಹೋಗಿ; ಬರಿಗೈಯಲ್ಲಿ "ಎಲ್ಲರಿಗೂ ಹೇಳುತ್ತೇನೆ" ಎಂಬ ಭರವಸೆ ಹೊತ್ತುಕೊಂಡು ಹೋಗಬೇಡಿ. ಅವರು ಬಾಗಿಲಲ್ಲೇ ನಿಲ್ಲಿಸಬಹುದು, ಕ್ಷಮಿಸುತ್ತೇನೆ ಎನ್ನದೆಯೂ ಇರಬಹುದು. ಆ ಹಕ್ಕು ಅವರದು, ಅದಕ್ಕಾಗಿ ಅವರ ಮೇಲೆ ಮತ್ತೊಂದು ಮಾತು ಹುಟ್ಟದಂತೆ ನೋಡಿಕೊಳ್ಳಿ. ಸಾಧ್ಯವಾದರೆ ಲೆಕ್ಕ ಪರಿಶೀಲಿಸಿದವರಲ್ಲಿ ಒಬ್ಬರನ್ನು, ಒಪ್ಪಿದರೆ ಇಬ್ಬರನ್ನು, ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಮಾತಿಗೆ ಅಂದು ಯಾರೂ ಕೇಳದಿದ್ದ ಆ ಎರಡನೆಯ ಸಾಕ್ಷಿ, ಈಗ ಅವರ ಪರವಾಗಿ ಅವರ ಮನೆಯಲ್ಲಿ ನಿಲ್ಲಲಿ.